ಕೈಗೆಟುಕದ ನಿಪ್ಪಲ್ಲಿಗೆ ಗ್ರೀಸು

ಪಿಕಪ್ ಗಾಡಿಗಳ ಕೆಲಸದಲ್ಲಿರುವ ವಾಚಕ ಮಿತ್ರರಿಗಾಗಿ ಈ ಪಾಠ. ಗನ್ನಿಗೆ ಸುಲಭವಾಗಿ ಸಿಕ್ಕುವ ನಿಪ್ಪಲ್ಲಿಗೆ ಎಲ್ಲರೂ ಗ್ರೀಸು ಹೊಡೆಯುತ್ತಾರೆ. ಸವೆಯುವುದು ಸಿಕ್ಕದೆ ಉಳಿದದ್ದು. ಕ್ಲೀನರನಾಗಿದ್ದಾಗ ನಾನೂ ಎಡಗಡೆಯ ಕಿಂಗ್‌ಪಿನ್ನಿನ ಕೆಳಗಿನ ನಿಪ್ಪಲ್ಲನ್ನು ಮೂರು ಸಲ ಬಿಟ್ಟು, ಪುಸ್ತಕದಲ್ಲಿ 'ಆಯಿತು' ಎಂದು ಬರೆದೆ. ಪಿನ್ನೂ ಬುಷ್ಷೂ ಸವೆದು ಸ್ಟಿಯರಿಂಗ್ ಅದುರತೊಡಗಿತು. ಖರ್ಚನ್ನು ಹಿಡಿದದ್ದು ಡ್ರೈವರನ ಸಂಬಳದಲ್ಲಿ.

ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಆಕ್ಸಲ್ಲಿನ ಕೆಳಗೆ ಗಟ್ಟಿ ಸ್ಟ್ಯಾಂಡುಗಳನ್ನು ನಿಲ್ಲಿಸಿ. ಬರಿಯ ಜಾಕನ್ನು ನಂಬಿ ಅಡಿಗೆ ನುಸುಳಕೂಡದು. ಚಕ್ರ ನೆಲ ಬಿಟ್ಟರೆ ಕಿಂಗ್‌ಪಿನ್ನಿನ ಭಾರ ಇಳಿದು, ಒತ್ತಿಕೊಂಡಿದ್ದ ಮೈಗಳ ನಡುವೆ ಗ್ರೀಸು ಹರಿಯುತ್ತದೆ. (ಸ್ಪ್ರಿಂಗಿನ ಶಾಕಲ್ಲಿಗಾದರೆ ಚಾಸಿಯನ್ನೇ ಎತ್ತಬೇಕು, ಅಲ್ಲಿ ಭಾರ ಕೂರುವ ರೀತಿ ಬೇರೆ.) ಈಗ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಚಕ್ರದ ಮರೆಯಲ್ಲಿದ್ದ ನಿಪ್ಪಲ್ಲು ಕಾಣುವುದು. ಆಗಲೂ ಗನ್ನು ಕೂರದಿದ್ದರೆ ಬಗ್ಗುವ ಹೋಸು ಹಾಕಿ, ಇಲ್ಲವೆ ನಿಪ್ಪಲ್ಲನ್ನೇ ಬಿಚ್ಚಿ 45 ಡಿಗ್ರಿ ಬಾಗಿದ್ದನ್ನು ಕೂರಿಸಿ.

ಒರೆಸದೆ ಗನ್ನು ಹಚ್ಚಿದರೆ ಮರಳನ್ನೂ ಒಳಗೆ ತಳ್ಳಿದಂತೆ. ಗ್ರೀಸು ಹಿಂದಕ್ಕೇ ಉಕ್ಕಿದರೆ ನಿಪ್ಪಲ್ಲು ಕಟ್ಟಿರಬಹುದು. ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಒಳಗಿನ ಗುಂಡು ಸೂಜಿಯ ಒತ್ತಿಗೆ ತಗ್ಗಿ ಮೇಲೇಳುವುದೇ ನೋಡಿ. ಕಿಂಗ್‌ಪಿನ್ನಿನಲ್ಲಿ ಹಳೆಯ ಕರಿ ಗ್ರೀಸು ಹೋಗಿ ಹೊಸದು ಕಾಣುವವರೆಗೆ ಹೊಡೆಯಬೇಕು. ಟೈ ರಾಡಿನ ತುದಿಯಲ್ಲಿ ಹಾಗಲ್ಲ. ರಬ್ಬರ್ ಬೂಟು ತುಸು ಉಬ್ಬಿದೊಡನೆ ನಿಲ್ಲಿಸಿ, ಒಡೆದರೆ ಧೂಳು ನುಗ್ಗುವುದು. ಹೊಸ ಗಾಡಿಗಳಲ್ಲಿ ಹಲವು ಕೀಲುಗಳು ಮುಚ್ಚಿದವು, ನಿಪ್ಪಲ್ಲೇ ಇರುವುದಿಲ್ಲ. ಹುಡುಕಿ ಆಯಾಸಪಡಬೇಡಿ, ಕೈಪಿಡಿಯ ಪಟ ನೋಡಿ.

ಮುಗಿದ ಪ್ರತಿ ನಿಪ್ಪಲ್ಲಿನ ಪಕ್ಕ ಸೀಮೆಸುಣ್ಣದ ಗೆರೆ ಎಳೆಯಿರಿ. ಗೆರೆಗಳನ್ನು ಎಣಿಸಿದ ಮೇಲೆ ಪುಸ್ತಕದಲ್ಲಿ ಬರೆಯಿರಿ.