ಕೌಂಟರ್ ಮುಂದೆ ಸೂಟ್‌ಕೇಸ್ ಬಿಚ್ಚದಿರಲು ಒಂಬತ್ತು ಸೂತ್ರಗಳು

ವಿಮಾನದ ಟಿಕೆಟ್‌ಗೆ ಎರಡು ಬೆಲೆ. ಒಂದು ನಿಮ್ಮದು, ಇನ್ನೊಂದು ನಿಮ್ಮ ಲಗೇಜಿನದು. ಮೊದಲನೆಯದನ್ನು ನಾಲ್ಕಾರು ಆ್ಯಪ್‌ಗಳಲ್ಲಿ ಹುಡುಕಿ, ಇನ್ನೂರು ರೂಪಾಯಿ ಉಳಿಸಿ ಖುಷಿಪಡುವವರು ಎರಡನೆಯದನ್ನು ಏರ್‌ಪೋರ್ಟ್ ತಕ್ಕಡಿಯ ಮೇಲೆ ನೋಡುತ್ತಾರೆ. ಆ ಹೊತ್ತಿಗೆ ಚೌಕಾಸಿ ನಡೆಯುವುದಿಲ್ಲ. ಹಿಂದೆ ಕ್ಯೂ ಬೆಳೆದಿರುತ್ತದೆ, ಕೌಂಟರ್ ಮುಚ್ಚುವ ಸಮಯ ಹತ್ತಿರವಾಗಿರುತ್ತದೆ.

ನೀವು ಗುರುಗ್ರಾಮದಲ್ಲಿ ಮೊದಲ ಕೆಲಸಕ್ಕೆ ಸೇರಲು ಹೊರಟಿರಬಹುದು, ಎಂಎಸ್ ಓದಲು ಅಮೆರಿಕಕ್ಕೆ ಹೊರಟಿರಬಹುದು. ದೊಡ್ಡ ಹೆಜ್ಜೆ ಇಡುತ್ತಿದ್ದೀರಿ. ‘ಅಲ್ಲೇ ನೋಡ್ಕೊಂಡ್ರಾಯ್ತು ಬಿಡು’ ಎಂಬ ಅಭ್ಯಾಸವನ್ನು ಇಲ್ಲಿಗೇ ಬಿಡಿ. ಲಗೇಜಿನ ನಿರ್ಧಾರ ಆಗಬೇಕಾದದ್ದು ಟಿಕೆಟ್ ಬುಕ್ ಮಾಡುವ ದಿನ.

1. ದರ ಹೋಲಿಸುವಾಗಲೇ ಲಗೇಜ್ ಸೇರಿಸಿ

ಅತಿ ಕಡಿಮೆ ದರ ಕಂಡ ಕೂಡಲೇ ‘ಪೇ’ ಬಟನ್ ಒತ್ತಬೇಡಿ. ಅದರಲ್ಲಿ ಚೆಕ್-ಇನ್ ಬ್ಯಾಗ್ ಇದೆಯೇ ಎಂದು ಮೊದಲು ನೋಡಿ. ಚೆಕ್-ಇನ್ ಲಗೇಜ್ ಇಲ್ಲದ ಪ್ರಯಾಣಿಕರಿಗೆ ಕಡಿಮೆ ದರದ ಟಿಕೆಟ್ ಕೊಡಲು ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 2021ರಲ್ಲಿ ಅನುಮತಿ ನೀಡಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ‘ಎಕ್ಸ್‌ಪ್ರೆಸ್ ಲೈಟ್’ ಆ ಬಗೆಯ ದರ. ಎರಡು ದಿನದ ಇಂಟರ್‌ವ್ಯೂಗೆ ಒಂದೇ ಬ್ಯಾಗ್ ಹಿಡಿದು ಹೋಗುತ್ತೀರಾ? ಧೈರ್ಯವಾಗಿ ತೆಗೆದುಕೊಳ್ಳಿ, ಹಣ ಉಳಿಯುತ್ತದೆ. ಪಿಜಿ ಖಾಲಿ ಮಾಡಿ ಊರು ಬದಲಿಸುತ್ತಿದ್ದೀರಾ? ಆ ಟಿಕೆಟ್ ನಿಮಗಲ್ಲ.

ಈ ಪದ್ಧತಿ ಬೆಳೆದು ಬಂದ ದಾರಿಯೂ ಗೊತ್ತಿರಲಿ. 2008ರಲ್ಲಿ ತೈಲ ಬೆಲೆ ಗಗನಕ್ಕೇರಿದಾಗ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಬ್ಯಾಗ್‌ಗೇ 15 ಡಾಲರ್ ಕೇಳತೊಡಗಿತು. ಉಳಿದ ಕಂಪನಿಗಳಲ್ಲಿ ಹೆಚ್ಚಿನವು ಹಿಂಬಾಲಿಸಿದವು. ಆಮೇಲೆ ತೈಲ ಬೆಲೆ ಇಳಿಯಿತು, ಬ್ಯಾಗ್ ಶುಲ್ಕ ಇಳಿಯಲಿಲ್ಲ. ಲಗೇಜ್ ಈಗ ಕಂಪನಿಗಳ ಆದಾಯದ ಮೂಲ. ಇದನ್ನು ಒಪ್ಪಿಕೊಂಡು ಲೆಕ್ಕ ಹಾಕುವವರೇ ಗೆಲ್ಲುವುದು.

2. ಟಿಕೆಟ್‌ನ ಆ ಒಂದು ಸಾಲನ್ನು ಓದಲು ಕಲಿಯಿರಿ

ಇ-ಟಿಕೆಟ್‌ನಲ್ಲಿ ‘ಬ್ಯಾಗೇಜ್’ ಎಂಬ ಕಾಲಂ ಇರುತ್ತದೆ. ಅಲ್ಲಿ ‘15ಕೆ’ ಎಂದಿದ್ದರೆ 15 ಕಿಲೋ. ‘1ಪಿಸಿ’, ‘2ಪಿಸಿ’ ಎಂದಿದ್ದರೆ ಒಂದು ಬ್ಯಾಗ್, ಎರಡು ಬ್ಯಾಗ್. ‘ನಿಲ್’ ಎಂದಿದ್ದರೆ ಏನೂ ಇಲ್ಲ. ಇಷ್ಟನ್ನು ಓದಲು ಒಂದು ನಿಮಿಷ ಸಾಕು.

ತೂಕದ ಲೆಕ್ಕ ಬೇರೆ, ಪೀಸ್ ಲೆಕ್ಕ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. ಅಮೆರಿಕ, ಕೆನಡಾ ಕಡೆಯ ವಿಮಾನಗಳಲ್ಲಿ ಪೀಸ್ ಲೆಕ್ಕ ನಡೆಯುತ್ತದೆ. ಎಕಾನಮಿಯಲ್ಲಿ ಒಂದು ಬ್ಯಾಗ್‌ಗೆ ಸಾಮಾನ್ಯವಾಗಿ 23 ಕಿಲೋ ಮಿತಿ. ನಿಮಗೆ ಎರಡು ಬ್ಯಾಗ್ ಇದೆ ಎನ್ನಿ. ಒಂದು 26 ಕಿಲೋ, ಇನ್ನೊಂದು 18 ಕಿಲೋ. ಒಟ್ಟು 44. ‘46ರೊಳಗೇ ಇದೆಯಲ್ಲ’ ಎಂದು ವಾದಿಸಿ ಪ್ರಯೋಜನವಿಲ್ಲ. ಮೊದಲ ಬ್ಯಾಗ್ 3 ಕಿಲೋ ಹೆಚ್ಚು, ಅದಕ್ಕೆ ಓವರ್‌ವೇಟ್ ಶುಲ್ಕ ಬೀಳುತ್ತದೆ. ಆದ್ದರಿಂದ ಎರಡನ್ನೂ ಸಮವಾಗಿ ತುಂಬಿ. ಅಳತೆಯನ್ನೂ ನೋಡಿ: ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ದಾಟಬಾರದು ಎಂಬುದು ಬಹುತೇಕ ಕಂಪನಿಗಳ ನಿಯಮ.

ದೇಶದೊಳಗಿನ ಎಕಾನಮಿ ಪ್ರಯಾಣದಲ್ಲಿ 15 ಕಿಲೋ ಸಾಮಾನ್ಯ. ಆದರೆ ಕೆಲವು ಕಂಪನಿಗಳು ಆ 15 ಕಿಲೋವನ್ನು ಒಂದೇ ಬ್ಯಾಗ್‌ನಲ್ಲಿ ತರಲು ಹೇಳುತ್ತವೆ. ಏಳೇಳು ಕಿಲೋದ ಎರಡು ಬ್ಯಾಗ್ ತಂದರೂ ಎರಡನೆಯದಕ್ಕೆ ದುಡ್ಡು ಕಟ್ಟಬೇಕು. ಇನ್ನು ಒಂದೇ ಬ್ಯಾಗ್ 32 ಕಿಲೋ ದಾಟಿದರೆ ಹಣ ಕೊಟ್ಟರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದನ್ನು ಎತ್ತಿ ಇಳಿಸುವ ಕಾರ್ಮಿಕರ ಬೆನ್ನಿನ ಸುರಕ್ಷತೆಗಾಗಿ ಇರುವ ನಿಯಮ ಅದು. ಗೌರವಿಸಿ.

3. ಹೆಚ್ಚುವರಿ ತೂಕವನ್ನು ಮುಂಚೆಯೇ ಕೊಳ್ಳಿ

ಏರ್‌ಪೋರ್ಟ್ ಕೌಂಟರ್ ಎಂದರೆ ಅತಿ ದುಬಾರಿ ಅಂಗಡಿ. ಅದೇ ಕಿಲೋಗಳು ಕಂಪನಿಯ ವೆಬ್‌ಸೈಟ್‌ನಲ್ಲೋ ಆ್ಯಪ್‌ನಲ್ಲೋ ಮುಂಚಿತವಾಗಿ ಅಗ್ಗವಾಗಿ ಸಿಗುತ್ತವೆ. 3, 5, 10, 15 ಕಿಲೋ ಎಂಬ ಸ್ಲ್ಯಾಬ್‌ಗಳಲ್ಲಿ ಮಾರುತ್ತಾರೆ. ವಿಮಾನ ಹೊರಡುವ ಕೆಲವು ಗಂಟೆ ಮೊದಲೇ ಈ ಸೌಲಭ್ಯ ನಿಂತುಹೋಗುತ್ತದೆ. ಹಿಂದಿನ ದಿನವೇ ಮುಗಿಸಿ.

ದೇಶದೊಳಗಿನ ಹಾರಾಟದಲ್ಲಿ 15ರಿಂದ 20 ಕಿಲೋ ನಡುವಿನ ತೂಕಕ್ಕೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ಕೇಳಬಾರದು ಎಂದು ಡಿಜಿಸಿಎ 2016ರಲ್ಲಿ ಮಿತಿ ಹಾಕಿತ್ತು. ಕಂಪನಿಗಳು ಕೋರ್ಟ್‌ಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನು ರದ್ದುಮಾಡಿತು. ಈಗ ದರ ಕಂಪನಿಯ ಇಷ್ಟ. ಕಿಲೋಗೆ 600 ರೂಪಾಯಿ ಎಂದಿಟ್ಟುಕೊಂಡರೂ 5 ಕಿಲೋಗೆ 3,000. ಆ 5 ಕಿಲೋದಲ್ಲಿ ಏನಿದೆ ಎಂದು ಕೇಳಿಕೊಳ್ಳಿ. ಹಳೆಯ ಬೆಡ್‌ಶೀಟ್, ಎರಡು ಜೊತೆ ಶೂ, ಡಿಟರ್ಜೆಂಟ್ ಪ್ಯಾಕೆಟ್ ಆಗಿದ್ದರೆ ಬಿಟ್ಟು ನಡೆಯಿರಿ, ಹೋದ ಊರಲ್ಲಿ ಕೊಳ್ಳಿ. ಪುಸ್ತಕಗಳಾಗಿದ್ದರೆ ಅಂಚೆ ಪಾರ್ಸೆಲ್ ಇದೆ. ಹೋಗುವ ಊರಿಗೆ ಕೆಎಸ್‌ಆರ್‌ಟಿಸಿ ಬಸ್ ಇದ್ದರೆ ‘ನಮ್ಮ ಕಾರ್ಗೋ’ ಸೇವೆಯನ್ನೂ ವಿಚಾರಿಸಿ.

4. ಮನೆಯಲ್ಲೇ ತೂಗಿ

ಅಂದಾಜು ಬೇಡ. ಕೊಕ್ಕೆಗೆ ನೇತುಹಾಕಿ ತೂಗುವ ಡಿಜಿಟಲ್ ಲಗೇಜ್ ಸ್ಕೇಲ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದಿದ್ದರೆ ದೇಹದ ತೂಕ ನೋಡುವ ಯಂತ್ರದ ಮೇಲೆ ಬ್ಯಾಗ್ ಹಿಡಿದು ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಮಿತಿಗಿಂತ ಒಂದು ಕಿಲೋ ಕಡಿಮೆಗೇ ನಿಲ್ಲಿಸಿ, ಏಕೆಂದರೆ ಎರಡು ತಕ್ಕಡಿಗಳು ಒಂದೇ ಅಂಕಿ ತೋರಿಸುತ್ತವೆ ಎಂಬ ಖಾತರಿಯಿಲ್ಲ.

ಖಾಲಿ ಸೂಟ್‌ಕೇಸನ್ನೂ ತೂಗಿ. ದೊಡ್ಡ ಗಟ್ಟಿ ಕವಚದ ಸೂಟ್‌ಕೇಸ್ 4ರಿಂದ 5 ಕಿಲೋ ಬರುತ್ತದೆ. 15 ಕಿಲೋದಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯಿತು.

5. ಕೈಚೀಲದ 7 ಕಿಲೋವನ್ನು ಹಗುರವಾಗಿ ಕಾಣಬೇಡಿ

ಭಾರತದಲ್ಲಿ ಎಕಾನಮಿ ಪ್ರಯಾಣಿಕರಿಗೆ ಒಂದೇ ಕ್ಯಾಬಿನ್ ಬ್ಯಾಗ್, 7 ಕಿಲೋ. ಅಳತೆ 55, 40, 20 ಸೆಂಟಿಮೀಟರ್‌ನೊಳಗಿರಲಿ. ಒಂದೇ ಬ್ಯಾಗ್ ಎಂಬ ನಿಯಮ ಭದ್ರತಾ ಸಂಸ್ಥೆ ಬಿಸಿಎಎಸ್‌ನದು, ತಪಾಸಣೆಯ ಕ್ಯೂ ಬೆಳೆಯಬಾರದೆಂಬ ಉದ್ದೇಶದ್ದು. ಇದರ ಜೊತೆಗೆ ಲ್ಯಾಪ್‌ಟಾಪ್ ಬ್ಯಾಗೋ ಪರ್ಸೋ 3 ಕಿಲೋವರೆಗೆ ಇರಲಿ ಎಂದು ಬಿಡುವ ಕಂಪನಿಗಳಿವೆ, ಬಿಡದವೂ ಇವೆ. ನಿಮ್ಮ ಕಂಪನಿಯ ಪುಟದಲ್ಲಿ ಓದಿಕೊಂಡೇ ಹೊರಡಿ.

ಶಿವಮೊಗ್ಗ, ಮೈಸೂರಿನಂಥ ನಿಲ್ದಾಣಗಳಿಗೆ ಬರುವ ಎಟಿಆರ್ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಗಟ್ಟಿ ಟ್ರಾಲಿಯನ್ನು ಬಾಗಿಲಲ್ಲೇ ಪಡೆದು ಕೆಳಗಿನ ಲಗೇಜಿಗೆ ಸೇರಿಸಬಹುದು. ಮೆತ್ತನೆಯ ಬ್ಯಾಗ್ ಒಯ್ಯಿರಿ. ಟ್ರಾಲಿ ಕೊಡಲೇಬೇಕಾಗಿ ಬಂದರೆ ಅದರೊಳಗಿನ ಪವರ್ ಬ್ಯಾಂಕ್ ತೆಗೆದಿಟ್ಟುಕೊಳ್ಳಿ.

6. ಬೇರೆ ಬೇರೆ ಟಿಕೆಟ್ ತೆಗೆದರೆ ಬೇರೆ ಬೇರೆ ಲೆಕ್ಕ

ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳು ಈ ಸೂತ್ರವನ್ನು ಎರಡು ಸಲ ಓದಿ. ನಿಮ್ಮ ಊರು ಹುಬ್ಬಳ್ಳಿ ಎನ್ನಿ. ಬೆಂಗಳೂರಿನಿಂದ ಅಮೆರಿಕಕ್ಕೆ ಎರಡು ಬ್ಯಾಗ್, 46 ಕಿಲೋ ಇರುವ ಟಿಕೆಟ್ ಸಿಕ್ಕಿದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆದಿರಿ. ಆ ಚಿಕ್ಕ ಹಾರಾಟಕ್ಕೆ 15 ಕಿಲೋ ಮಾತ್ರ ಉಚಿತ. ಉಳಿದ 31 ಕಿಲೋಗೆ, ಕಿಲೋಗೆ 600ರ ಲೆಕ್ಕದಲ್ಲೇ, 18,600 ರೂಪಾಯಿ! ಒಂದೇ ಪಿಎನ್‌ಆರ್‌ನಲ್ಲಿ ಇಡೀ ಪ್ರಯಾಣ ಬುಕ್ ಮಾಡಿ. ಆಗ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಮಿತಿಯೇ ಇಡೀ ದಾರಿಗೆ ಅನ್ವಯಿಸುತ್ತದೆ, ಆದರೂ ಟಿಕೆಟ್‌ನಲ್ಲಿ ಪ್ರತಿ ಹಂತದ ಎದುರು ಏನು ಬರೆದಿದೆ ನೋಡಿ. ಅದು ಆಗದಿದ್ದರೆ ರೈಲು, ಬಸ್ಸು ಹಿಡಿಯಿರಿ. ಮೈಸೂರಿನವರಿಗೆ ಕೆಂಪೇಗೌಡ ನಿಲ್ದಾಣಕ್ಕೆ ನೇರ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ಸೇ ಇದೆ.

ಅತ್ತ ಕಡೆಯೂ ಇದೇ ಮಾತು. ಅಮೆರಿಕ ತಲುಪಿ ಒಳನಾಡಿನ ವಿಮಾನಕ್ಕೆ ಬೇರೆ ಟಿಕೆಟ್ ತೆಗೆದಿದ್ದರೆ ಮೊದಲ ಬ್ಯಾಗ್‌ಗೇ 35 ಡಾಲರ್ ಆಸುಪಾಸಿನ ಶುಲ್ಕ ಕೇಳುವ ಕಂಪನಿಗಳೇ ಹೆಚ್ಚು. ಒಂದೇ ಟಿಕೆಟ್ ಇದ್ದರೂ ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಸಾಮಾನ್ಯವಾಗಿ ಬ್ಯಾಗ್ ಪಡೆದು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಕನೆಕ್ಷನ್ ನಡುವೆ ಆ ಸಮಯ ಇಟ್ಟುಕೊಳ್ಳಿ.

7. ಕೇಳಿ, ಸಿಗುತ್ತದೆ

ಇಂಡಿಗೋ, ಏರ್ ಇಂಡಿಯಾದಂಥ ಕಂಪನಿಗಳಲ್ಲಿ ಸ್ಟೂಡೆಂಟ್ ದರಗಳಿವೆ. ರಿಯಾಯಿತಿಯ ಜೊತೆಗೆ ಹೆಚ್ಚುವರಿ ಲಗೇಜೂ ಸಿಗುತ್ತದೆ. ಬುಕ್ ಮಾಡುವಾಗಲೇ ‘ಸ್ಟೂಡೆಂಟ್’ ಆಯ್ಕೆ ಒತ್ತಬೇಕು, ಕಾಲೇಜಿನ ಐಡಿ ಕಾರ್ಡ್ ಏರ್‌ಪೋರ್ಟ್‌ನಲ್ಲಿ ಕೈಯಲ್ಲಿರಬೇಕು. ಆಮೇಲೆ ಕೇಳಿದರೆ ಇಲ್ಲ. ಉದ್ಯೋಗಿಗಳೇ, ನಿಮ್ಮ ಆಫೀಸಿನ ಟ್ರಾವೆಲ್ ಡೆಸ್ಕ್‌ಗೆ ಕಾರ್ಪೊರೇಟ್ ದರದ ಲಗೇಜ್ ಎಷ್ಟೆಂದು ಕೇಳಿ. ಕೆಲಸಕ್ಕೆ ಸೇರಲು ಊರು ಬದಲಿಸುವವರು ಹೆಚ್ಚುವರಿ ಲಗೇಜಿನ ಹಣ ವಾಪಸ್ ಬರುತ್ತದೆಯೇ ಎಂದು ಎಚ್‌ಆರ್‌ಗೆ ಮೇಲ್ ಹಾಕಿ, ರಸೀದಿ ಜೋಪಾನ ಮಾಡಿ. ಸಂಕೋಚ ಒಂದು ಅಭ್ಯಾಸ ಅಷ್ಟೇ. ಒಂದು ಮೇಲ್‌ನಿಂದ ಅದು ಮುರಿಯುತ್ತದೆ.

8. ಯಾವುದು ಎಲ್ಲಿ ಎಂದು ಪಟ್ಟಿ ಮಾಡಿ

ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗ್‌ಗೆ ಹಾಕಲೇಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ನಂದಿಸಬಲ್ಲರು, ಸರಕಿನ ಅಂಕಣದಲ್ಲಿ ಅವರ ಕೈಗೆ ಎಟುಕುವುದಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಅಂದರೆ ಸುಮಾರು 27,000 ಎಂಎಎಚ್. ಅದರ ಮೇಲೆ 160ರವರೆಗೆ ಕಂಪನಿಯ ಅನುಮತಿ ಬೇಕು.

ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಸಾಂಬಾರ್ ಪುಡಿ, ತುಪ್ಪ, ಉಪ್ಪಿನಕಾಯಿ ಎಲ್ಲ ಚೆಕ್-ಇನ್ ಬ್ಯಾಗ್‌ಗೆ ಹೋಗಲಿ, ಎರಡು ಕವರ್ ಸುತ್ತಿ. ವಿದೇಶಕ್ಕಾದರೆ ಆ ದೇಶದ ಕಸ್ಟಮ್ಸ್ ಯಾವ ಆಹಾರ ಬಿಡುತ್ತದೆ ಎಂದು ಮೊದಲೇ ನೋಡಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವಕ್ಕೆ ಸಾಮಾನ್ಯವಾಗಿ 100 ಮಿಲಿ ಮಿತಿ. ತಿಪಟೂರು ಕಡೆಯವರಿಗೆ ವಿಶೇಷ ಸೂಚನೆ: ಒಣ ಕೊಬ್ಬರಿ ಗಿಟುಕು ಚೆಕ್-ಇನ್ ಬ್ಯಾಗ್‌ನಲ್ಲಿ ನಿಷಿದ್ಧ. ಅದರ ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರುವ ಗುಣವಿದೆ, ಹಾಗಾಗಿ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಮನೆಯಲ್ಲೇ ಬಿಟ್ಟುಹೋಗಿ.

9. ಬ್ಯಾಗ್ ಬರದಿದ್ದರೆ ಏರ್‌ಪೋರ್ಟ್ ಬಿಟ್ಟು ಕದಲಬೇಡಿ

ಬ್ಯಾಗ್ ಒಪ್ಪಿಸುವ ಮೊದಲು ಅದರ ಫೋಟೋ ತೆಗೆಯಿರಿ, ಟ್ಯಾಗ್ ಚೀಟಿ ಇಟ್ಟುಕೊಳ್ಳಿ. ಇಳಿದಾಗ ಬ್ಯಾಗ್ ಬರಲಿಲ್ಲ ಅಥವಾ ಮುರಿದು ಬಂತು ಎಂದರೆ ಕಂಪನಿಯ ಕೌಂಟರ್‌ನಲ್ಲಿ ಪಿಐಆರ್ ಎಂಬ ದೂರು ಬರೆಸಿ, ನಂಬರ್ ಪಡೆದೇ ಹೊರಡಿ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾದರೆ 7 ದಿನದೊಳಗೆ, ತಡವಾಗಿ ಬಂದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಗಡುವು ಮೀರಿದರೆ ಹಕ್ಕು ಹೋಯಿತು. ಕಂಪನಿ ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ.

ದೇಶದೊಳಗಿನ ಪ್ರಯಾಣದಲ್ಲಿ ಲಗೇಜ್ ಕಳೆದರೆ ಪರಿಹಾರದ ಗರಿಷ್ಠ ಮಿತಿ 20,000 ರೂಪಾಯಿ ಎಂದು ಸರ್ಕಾರದ ಪ್ರಯಾಣಿಕರ ಸನ್ನದು ಹೇಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಒಂದೇ ಅದಕ್ಕಿಂತ ಹೆಚ್ಚು ಬಾಳುತ್ತದೆ. ಲ್ಯಾಪ್‌ಟಾಪ್, ಒಡವೆ, ಮಾರ್ಕ್ಸ್‌ಕಾರ್ಡ್, ಆಫರ್ ಲೆಟರ್, ನಿತ್ಯ ನುಂಗುವ ಮಾತ್ರೆ, ಒಂದು ಜೊತೆ ಬಟ್ಟೆ ಇವಿಷ್ಟನ್ನು ಆ 7 ಕಿಲೋದ ಬ್ಯಾಗ್‌ನಲ್ಲೇ ಇಟ್ಟು ಕೈಯಲ್ಲಿ ಹಿಡಿದುಕೊಳ್ಳಿ.