ಬಾಗಿಲು ತೆರೆದ ನಾಡು

ನಾನು ಉಪಾಧ್ಯಾಯನಾಗಿ ಸೇರಿದ ಹೊಸದು, 1985ರ ಸುಮಾರು. ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡದ ಜೊತೆಗೆ ಸಮಾಜ ಪಾಠವನ್ನೂ ಹೇಳಬೇಕಾಗಿತ್ತು. ಗೋಡೆಗೆ ಯೂರೋಪಿನ ಭೂಪಟವನ್ನು ತೂಗುಹಾಕಿ ಗ್ರೀಸ್, ಇಟಲಿಗಳನ್ನು ತೋರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಗ್ರೀಸಿನ ಪಕ್ಕದಲ್ಲಿ ಕಡಲ ದಡಕ್ಕೆ ಒಂದು ಸಣ್ಣ ದೇಶವಿದೆಯಲ್ಲ, ಅಲ್ಲಿ ಏನಿದೆ?" ಎಂದು ಕೇಳಿದ. ಅದು ಅಲ್ಬೇನಿಯ. "ಹೊರಗಿನವರನ್ನು ಅಲ್ಲಿಗೆ ಸುಲಭವಾಗಿ ಬಿಡುವುದಿಲ್ಲ ಕಣಪ್ಪ" ಎಂದಷ್ಟೇ ಹೇಳಿ ಪಾಠ ಮುಂದುವರಿಸಿದೆ. ನನಗೆ ತಿಳಿದಿದ್ದುದೇ ಅಷ್ಟು. ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಿವೃತ್ತನಾದ ಮೇಲೆ ಹೆಂಡತಿಯೊಡನೆ ಯೂರೋಪಿಗೆ ಹೋಗುವ ಅವಕಾಶ ಒದಗಿತು. ಲಂಡನ್, ಪ್ಯಾರಿಸ್‌ಗಳನ್ನು ಬದಿಗಿಟ್ಟು ನಾವು ಅಲ್ಬೇನಿಯಕ್ಕೆ ಹೊರಟೆವು.

ಅಲ್ಬೇನಿಯ ಬಹಳ ಚಿಕ್ಕ ದೇಶ. ಅದರ ವಿಸ್ತೀರ್ಣ 28,748 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಏಳನೆಯ ಒಂದು ಭಾಗದಷ್ಟು. 2023ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 24 ಲಕ್ಷ. ಪೂರ್ವದಲ್ಲಿ ಬೆಟ್ಟಗಳ ಸಾಲು. ಪಶ್ಚಿಮದಲ್ಲಿ ಏಡ್ರಿಯಾಟಿಕ್ ಮತ್ತು ಅಯೋನಿಯನ್ ಸಮುದ್ರಗಳು. ಹಲವು ಶತಮಾನಗಳ ಕಾಲ ತುರ್ಕರ ಆಳ್ವಿಕೆಯಲ್ಲಿದ್ದ ಈ ನಾಡು 1912ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ಅಲ್ಲಿಯ ನುಡಿ ನಮ್ಮ ಕಿವಿಗೆ ತೀರ ಅಪರಿಚಿತ. ಆದರೂ ಅವರು ಮೂರಕ್ಕೆ 'ತ್ರೆ' ಎನ್ನುತ್ತಾರೆ. ಅದು ಸಂಸ್ಕೃತದ 'ತ್ರಿ' ಶಬ್ದದ ದೂರದ ಬಂಧುವೆಂದು ತಿಳಿದಾಗ ಪರದೇಶದಲ್ಲಿ ನಮ್ಮವರನ್ನು ಕಂಡಷ್ಟು ಸಂತೋಷವಾಯಿತು.

ನಾವು ಮೊದಲು ಕಂಡ ಊರು ಬೆರಾಟ್. ಒಸುಮ್ ನದಿಯ ಎರಡು ದಡಗಳಲ್ಲಿ, ಬೆಟ್ಟದ ಇಳಿಜಾರಿನಲ್ಲಿ, ಬಿಳಿಯ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿವೆ. ಪ್ರತಿ ಮನೆಗೂ ಸಾಲಾಗಿ ದೊಡ್ಡ ಕಿಟಕಿಗಳು. ಆದ್ದರಿಂದಲೇ ಅದಕ್ಕೆ 'ಸಾವಿರ ಕಿಟಕಿಗಳ ಊರು' ಎಂದು ಹೆಸರು. ಬೆಟ್ಟದ ತುದಿಯಲ್ಲಿ ಹಳೆಯ ಕೋಟೆಯಿದೆ. ಅದು ಪಾಳುಬಿದ್ದ ಕೋಟೆಯಲ್ಲ. ಅದರೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಕಲ್ಲುಹಾಸಿನ ಓಣಿಯಲ್ಲಿ ನಡೆಯುತ್ತಿದ್ದಾಗ ವೃದ್ಧೆಯೊಬ್ಬರು ತಮ್ಮ ಮನೆಯ ಮುಂದೆ ಕುಳಿತಿದ್ದರು. ಅಂಗಳದ ದ್ರಾಕ್ಷಿಯ ಚಪ್ಪರವನ್ನು ನೋಡಬಹುದೇ ಎಂದು ನನ್ನ ಹೆಂಡತಿ ಸನ್ನೆಯಿಂದ ಕೇಳಿದಳು. ಆಕೆ ತಲೆಯನ್ನು ಅತ್ತಿತ್ತ ಅಲ್ಲಾಡಿಸಿದರು. ಬೇಡವೆನ್ನುತ್ತಿದ್ದಾರೆಂದು ತಿಳಿದು ನಾವು ಹಿಂದಿರುಗಿದೆವು. ಆಕೆ ಅವಸರದಿಂದ ಬಂದು ನನ್ನ ಹೆಂಡತಿಯ ಕೈಹಿಡಿದು ಒಳಗೆ ಕರೆದೊಯ್ದರು! ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರೆ 'ಹೌದು', ಮೇಲೆ ಕೆಳಗೆ ಆಡಿಸಿದರೆ 'ಇಲ್ಲ' ಎಂಬುದು ಅಲ್ಲಿಯ ಹಳೆಯ ರೂಢಿಯೆಂದು ಇಂಗ್ಲಿಷ್ ಬಲ್ಲ ಆಕೆಯ ಮೊಮ್ಮಗಳು ನಕ್ಕು ವಿವರಿಸಿದಳು. ಬೆಟ್ಟದ ಸೊಪ್ಪನ್ನು ಕುದಿಸಿ ಮಾಡಿದ ಬಿಸಿ ಕಷಾಯವನ್ನು ಕುಡಿದು ಅರ್ಧ ಗಂಟೆ ಅಲ್ಲಿ ಕುಳಿತಿದ್ದೆವು.

ಈ ಆತಿಥ್ಯದ ಹಿಂದೆ ಒಂದು ದೊಡ್ಡ ಧರ್ಮವಿದೆ. ಅದಕ್ಕೆ 'ಬೆಸ' ಎಂದು ಹೆಸರು. ಕೊಟ್ಟ ಭಾಷೆ ಎಂದು ಅದರ ಅರ್ಥ. ಮನೆಗೆ ಬಂದವನನ್ನು ಪ್ರಾಣ ಕೊಟ್ಟಾದರೂ ಕಾಪಾಡಬೇಕೆಂಬುದು ಅದರ ಕಟ್ಟಳೆ. ನಮ್ಮ ಹಳಗನ್ನಡದಲ್ಲಿಯೂ 'ಬೆಸ' ಎಂಬ ಪದವುಂಟು. ಅಲ್ಲಿ ಅದಕ್ಕೆ ಅಪ್ಪಣೆ ಎಂಬ ಅರ್ಥವಿದೆ. ಎರಡು ಪದಗಳಿಗೂ ಸಂಬಂಧವಿಲ್ಲ. ಆದರೆ ಆ ಜನಕ್ಕೆ ಕೊಟ್ಟ ಭಾಷೆಯೇ ಅಪ್ಪಣೆ. 1943ರಲ್ಲಿ ಹಿಟ್ಲರನ ಸೈನ್ಯ ಅಲ್ಬೇನಿಯವನ್ನು ಆಕ್ರಮಿಸಿದಾಗ ಈ ಧರ್ಮಕ್ಕೆ ಅಗ್ನಿಪರೀಕ್ಷೆ ಬಂದಿತು. ಯೂರೋಪಿನ ನಾನಾ ಕಡೆಗಳಿಂದ ಓಡಿಬಂದ ಯಹೂದಿಗಳು ಅಲ್ಲಿ ಆಶ್ರಯ ಪಡೆದಿದ್ದರು. ಸಾಮಾನ್ಯ ಕುಟುಂಬಗಳು, ಮುಸ್ಲಿಮರೂ ಕ್ರೈಸ್ತರೂ, ಅವರಿಗೆ ಹಳ್ಳಿಯ ಉಡುಪು ತೊಡಿಸಿ, ಬೇರೆ ಹೆಸರಿಟ್ಟು, ತಮ್ಮವರೆಂದು ಹೇಳಿ ಬಚ್ಚಿಟ್ಟುಕೊಂಡರು. ಬೆರಾಟಿನ ಎಷ್ಟೋ ಮನೆಗಳ ಬಾಗಿಲು ಹೀಗೆ ತೆರೆಯಿತು. ಯುದ್ಧ ಮುಗಿದಾಗ ಅಲ್ಬೇನಿಯದಲ್ಲಿ ಮೊದಲಿಗಿಂತ ಹೆಚ್ಚು ಯಹೂದಿಗಳಿದ್ದರು.

ಇಂಥ ನಾಡು ಮುಂದೆ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿತು. ಆ ಕಥೆ ತಿಳಿಯಬೇಕಾದರೆ ದಕ್ಷಿಣದ ಜಿರೊಕಾಸ್ತರ್‌ಗೆ ಹೋಗಬೇಕು. ಅದು ಕಲ್ಲಿನ ಊರು. ಗೋಡೆ ಕಲ್ಲು, ಬೀದಿ ಕಲ್ಲು, ಮನೆಯ ಮಾಡಿಗೂ ಬೂದುಬಣ್ಣದ ಕಲ್ಲುಚಪ್ಪಡಿಯೇ. ಒಂದೊಂದು ಮನೆಯೂ ಒಂದೊಂದು ಪುಟ್ಟ ಕೋಟೆ. ಈ ಊರಿನಲ್ಲಿ ಇಬ್ಬರು ಪ್ರಸಿದ್ಧರು ಹುಟ್ಟಿದರು. ಒಬ್ಬರು ಜಗತ್ತಿನ ಗೌರವವನ್ನು ಪಡೆದ ಕಾದಂಬರಿಕಾರ ಇಸ್ಮಾಯಿಲ್ ಕದರೆ (1936–2024). ಇನ್ನೊಬ್ಬ, 1944ರಿಂದ 1985ರಲ್ಲಿ ಸಾಯುವವರೆಗೂ ದೇಶವನ್ನು ಆಳಿದ ಎನ್ವರ್ ಹೋಜಾ. ಈತ 1967ರಲ್ಲಿ ಎಲ್ಲ ಮತಾಚರಣೆಗಳನ್ನೂ ನಿಷೇಧಿಸಿದ. ಮಸೀದಿ, ಚರ್ಚುಗಳನ್ನು ಮುಚ್ಚಿಸಿದ. ಮೊದಲು ರಷ್ಯದೊಡನೆ, ಆಮೇಲೆ ಚೀನಾದೊಡನೆ ಸ್ನೇಹ ಕಡಿದುಕೊಂಡ. ಶತ್ರುಗಳು ಬಂದಾರೆಂಬ ಭಯದಿಂದ ಹೊಲ, ಬೆಟ್ಟ, ಕಡಲತೀರಗಳಲ್ಲೆಲ್ಲ ಕಾಂಕ್ರೀಟಿನ ಅಡಗುತಾಣಗಳನ್ನು ಕಟ್ಟಿಸಿದ. ಅಣಬೆಯ ಆಕಾರದ ಇವುಗಳ ಸಂಖ್ಯೆ 1.7 ಲಕ್ಷಕ್ಕೂ ಹೆಚ್ಚು. ಶತ್ರು ಬರಲೇ ಇಲ್ಲ. ಜನರಿಗೆ ಮನೆ ಕಟ್ಟಲು ಬೇಕಾಗಿದ್ದ ಕಬ್ಬಿಣ, ಸಿಮೆಂಟುಗಳು ಮಣ್ಣುಪಾಲಾದವು.

ಮುಚ್ಚಿದ ಬಾಗಿಲಿನ ನೋವನ್ನು ನಮ್ಮ ನಾಡಿಗೆ ಬಂದ ಒಬ್ಬ ಮಗಳೂ ಉಂಡಳು. ಕಲ್ಕತ್ತೆಯ ದೀನರ ತಾಯಿಯಾದ ಮದರ್ ತೆರೇಸಾ ಅಲ್ಬೇನಿಯನ್ ಕುಟುಂಬದಲ್ಲಿ, 1910ರಲ್ಲಿ ಸ್ಕೋಪ್ಯೆ ನಗರದಲ್ಲಿ, ಹುಟ್ಟಿದವರು. ಅವರ ತಾಯಿ ಮತ್ತು ಅಕ್ಕ ಅಲ್ಬೇನಿಯದ ರಾಜಧಾನಿ ತಿರಾನದಲ್ಲಿದ್ದರು. ತಾಯಿಯನ್ನು ನೋಡಲು ಅಲ್ಲಿಯ ಸರ್ಕಾರ ಅನುಮತಿ ಕೊಡಲಿಲ್ಲ. 1972ರಲ್ಲಿ ತಾಯಿ ತೀರಿಕೊಂಡರು. ಮಗಳು ಆ ನೆಲದ ಮೇಲೆ ಕಾಲಿಟ್ಟದ್ದು 1989ರಲ್ಲಿ. ಆಗ ಅವರಿಗೆ ಉಳಿದದ್ದು ತಾಯಿಯ ಸಮಾಧಿ ಮಾತ್ರ.

ನಮ್ಮ ಪ್ರವಾಸದ ಕೊನೆಯ ನಿಲುಗಡೆ ಸರಾಂಡ ಎಂಬ ಕಡಲತೀರದ ಊರು. ಅಲ್ಲಿಗೆ ಸಮೀಪದಲ್ಲೇ ಪ್ರಾಚೀನ ಬುತ್ರಿಂತ್ ಪಟ್ಟಣದ ಅವಶೇಷಗಳಿವೆ. ಗ್ರೀಕರ ರಂಗಮಂದಿರ, ರೋಮನರ ಸ್ನಾನಗೃಹ, ಕ್ರೈಸ್ತರ ಬಣ್ಣಗಲ್ಲಿನ ನೆಲಹಾಸು, ವೆನಿಸಿನವರ ಗೋಪುರ ಇವೆಲ್ಲ ಒಂದೇ ಕಾಡಿನ ನೆರಳಿನಲ್ಲಿವೆ. ಬಂದವರೆಲ್ಲ ಹಿಂದಿನವರ ಕಲ್ಲಿನ ಮೇಲೆ ತಮ್ಮ ಕಲ್ಲನ್ನಿಟ್ಟು ಕಟ್ಟಿದರು. ಸಿಂಹವನ್ನು ಕೆತ್ತಿದ ಹಳೆಯ ಬಾಗಿಲೊಂದು ಎಷ್ಟು ತಗ್ಗಾಗಿದೆಯೆಂದರೆ ತಲೆಬಾಗದೆ ಒಳಗೆ ಹೋಗುವಂತಿಲ್ಲ.

ಸಂಜೆ ಸರಾಂಡದ ದಡದಲ್ಲಿ ಕುಳಿತೆವು. ನೀಲಿಯ ನೀರಿನಾಚೆ ಗ್ರೀಸಿಗೆ ಸೇರಿದ ಕೊರ್ಫು ದ್ವೀಪದ ಬೆಟ್ಟಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಿಂದೆ ಆ ದೀಪಗಳನ್ನು ನೋಡಿ ರಾತ್ರಿಯ ಹೊತ್ತು ಈಜಿ ದಾಟಲು ಹೊರಟವರುಂಟು. ಕೆಲವರು ದಾಟಿದರು, ಕೆಲವರು ಕಾವಲುಗಾರರ ಗುಂಡಿಗೆ ಬಲಿಯಾದರು. ಈಗ ಅದೇ ನೀರಿನಲ್ಲಿ ಪ್ರಯಾಣಿಕರ ಹಡಗುಗಳು ಓಡಾಡುತ್ತವೆ. ನಾವು ನೋಡುತ್ತಿದ್ದ ಹಾಗೆಯೇ ಒಂದು ಹಡಗು ದಡಕ್ಕೆ ಬಂದು ನಿಂತಿತು. ಮಕ್ಕಳು ಕೇಕೆ ಹಾಕುತ್ತ ಇಳಿದರು.

ಆ ಹುಡುಗ ಈಗ ಎಲ್ಲಿದ್ದಾನೋ ನಾನರಿಯೆ. ಎದುರಿಗೆ ಸಿಕ್ಕಿದರೆ ಅವನಿಗೆ ಉತ್ತರ ಹೇಳುತ್ತೇನೆ: "ಅಪ್ಪಾ, ಅಲ್ಲಿ ಲಕ್ಷಕ್ಕೂ ಮೀರಿ ಕಾಂಕ್ರೀಟಿನ ಗೂಡುಗಳಿವೆ, ಅವು ಯಾರನ್ನೂ ಕಾಪಾಡಲಿಲ್ಲ. ಜೊತೆಗೆ ಮರದ ಬಾಗಿಲಿನ ಹಳೆಯ ಮನೆಗಳಿವೆ. ಅವು ಎಷ್ಟೋ ಜೀವಗಳನ್ನು ಕಾಪಾಡಿದವು."

ಅಭ್ಯಾಸ

ಪದಗಳ ಅರ್ಥ: ಕಟ್ಟಳೆ – ನಿಯಮ, ಆತಿಥ್ಯ – ಅತಿಥಿಸತ್ಕಾರ, ಮಾಡು – ಮನೆಯ ಮೇಲ್ಛಾವಣಿ, ಅವಶೇಷ – ಅಳಿದುಳಿದ ಭಾಗ.

1. ಬೆರಾಟಿನ ವೃದ್ಧೆಯ ಸನ್ನೆಯನ್ನು ಲೇಖಕರು ತಪ್ಪಾಗಿ ತಿಳಿದದ್ದೇಕೆ?
2. 'ಬೆಸ' ಎಂದರೇನು? 1943ರಲ್ಲಿ ಅಲ್ಬೇನಿಯದ ಜನ ಅದನ್ನು ಹೇಗೆ ಪಾಲಿಸಿದರು?
3. ಮದರ್ ತೆರೇಸಾ ಅವರ ಬಾಳಿನಲ್ಲಿ 'ಮುಚ್ಚಿದ ಬಾಗಿಲು' ತಂದ ನೋವನ್ನು ವಿವರಿಸಿರಿ.
4. ಪಾಠದ ಕೊನೆಯಲ್ಲಿ ಲೇಖಕರು ಹೇಳುವ ಉತ್ತರದ ಭಾವವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.