ಮಾದರಿ ಹಡಗಿನ ಒಡಲಿಗೆ ಬಣ್ಣ ಹಚ್ಚುವ ಪಾಠ

ಕಳೆದ ಸಂಚಿಕೆಯಲ್ಲಿ ಮಾದರಿ ಹಡಗಿನ ಪಕ್ಕೆಲುಬುಗಳ ಮೇಲೆ ಹಲಗೆಪಟ್ಟಿಗಳನ್ನು ಅಂಟಿಸುವ ಕ್ರಮವನ್ನು ತಿಳಿಸಿದ್ದೆವು. ವಾಚನಾಲಯದ ಭಾನುವಾರದ ಕೈಕೆಲಸದ ವರ್ಗಕ್ಕೆ ಬರುತ್ತಿರುವ ಹುಡುಗರಲ್ಲಿ ಇಬ್ಬರ ಒಡಲುಗಳು ಈಗ ಪೂರ್ತಿಯಾಗಿವೆ. ಇನ್ನು ಬಣ್ಣದ ಡಬ್ಬಿ ತೆರೆಯುವುದೊಂದೇ ಬಾಕಿ ಎಂದು ಅವರ ಅವಸರ. ಅವಸರವೇನೋ ಸಹಜವಾದದ್ದೇ. ಆದರೆ ಆರು ತಿಂಗಳ ಭಾನುವಾರಗಳನ್ನು ಸುರಿದು ಮಾಡಿದ ಕೆಲಸವು ಒಂದೇ ಸಂಜೆಯಲ್ಲಿ ಕೆಡುವುದು ಈ ಹಂತದಲ್ಲಿ. ಅಂಟಿಸಿದ ಹಲಗೆ ಓರೆಯಾದರೆ ಬಿಚ್ಚಿ ಮತ್ತೆ ಅಂಟಿಸಬಹುದು; ದಪ್ಪವಾಗಿ ಬಳಿದ ಎಣ್ಣೆಬಣ್ಣವನ್ನು ಹಲಗೆಗಳ ಸಂದಿನಿಂದ ಕೆರೆಯಹೋದರೆ ಹಲಗೆಯೇ ಸವೆದು ಬರುತ್ತದೆ. ಆದುದರಿಂದ ಈ ಪಾಠವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ನಮ್ಮ ವರ್ಗವು ಮಾದರಿಗೆಂದು ಆರಿಸಿಕೊಂಡ ಹಡಗು ‘ಟ್ರಿಂಕೋಮಲಿ’. ಹೆಸರು ಸಿಂಹಳದ ಬಂದರಿನದಾದರೂ ಹಡಗು ಹುಟ್ಟಿದ್ದು ನಮ್ಮ ಈ ಮುಂಬಯಿಯಲ್ಲಿ. ಕೋಟೆ ಭಾಗದಲ್ಲಿ ಲಾಯನ್ ಗೇಟಿನ ಒಳಗಿರುವ ನೌಕಾಂಗಣದಲ್ಲಿ, ಪಾರ್ಸಿ ಮನೆತನದ ಜಮಶೇಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಹಿರಿಯ ಕುಶಲಿಗರು ಮಲಬಾರಿನ ಸಾಗುವಾನಿ ಮರದಿಂದ ಇದನ್ನು ಕಟ್ಟಿಸಿದರು. ತಮ್ಮ ಸಂಪ್ರದಾಯದಂತೆ ಕೆಲಸದ ಪ್ರಾರಂಭದಲ್ಲಿ ಅಡಿಯ ಬೆನ್ನುಮರಕ್ಕೆ ಅವರೇ ಒಂದು ಬೆಳ್ಳಿಯ ಮೊಳೆಯನ್ನು ಹೊಡೆದರಂತೆ. 1817ನೆಯ ಇಸವಿ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ಇಂದಿಗೂ ಅದನ್ನು ನೀರಿನಲ್ಲಿಯೇ ನಿಲ್ಲಿಸಿ ಕಾಪಾಡಿದ್ದಾರೆ. ಇನ್ನೂರು ವರ್ಷ ದಾಟಿದ ಮರದ ಹಡಗು ತೇಲುತ್ತಿದೆ ಎಂದರೆ ಸಾಗುವಾನಿಯ ಗುಣವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಹಡಗಿನ ಫಿರಂಗಿ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. ಅಡಿಗೆ ಇಂಚಿನ ಎಂಟನೆಯ ಒಂದು ಭಾಗದಂತೆ ನಾವು ಅಳತೆಯನ್ನು ಇಳಿಸಿಕೊಂಡಿದ್ದೇವೆ. ಅಂದರೆ 96ಕ್ಕೆ 1. ಮಾದರಿಯು ಹದಿನೆಂಟೂ ಮುಕ್ಕಾಲು ಇಂಚು ಉದ್ದ, ಐದು ಇಂಚು ಅಗಲ ಬಂದಿತು. ಇಲ್ಲಿ ಒಂದು ಲೆಕ್ಕವನ್ನು ಎಲ್ಲರೂ ಮಾಡಿ ನೋಡಬೇಕು. ಬಣ್ಣ, ಅದರ ಮೇಲೆ ಬಣ್ಣ, ಮತ್ತೆ ವಾರ್ನಿಶು ಎಂದು ಬಳಿಯುತ್ತಾ ಹೋಗಿ ಒಟ್ಟು ಪದರ ಕಾಲು ಮಿಲಿಮೀಟರಿನಷ್ಟು ದಪ್ಪವಾಯಿತೆನ್ನಿ. ಅಂಚೆಯ ಕಾರ್ಡಿನಷ್ಟು ದಪ್ಪ. ಕಣ್ಣಿಗೆ ಅದೇನೂ ಹೆಚ್ಚಲ್ಲ. ಅದನ್ನು 96ರಿಂದ ಗುಣಿಸಿರಿ: 24 ಮಿಲಿಮೀಟರು, ಹತ್ತಿರ ಹತ್ತಿರ ಒಂದು ಇಂಚು! ಒಂದು ಇಂಚು ದಪ್ಪ ಬಣ್ಣ ಮೆತ್ತಿಕೊಂಡ ಹಡಗು ಯಾವ ಸಮುದ್ರದಲ್ಲಿಯೂ ಇರಲಿಲ್ಲ. ಹಲಗೆಯ ಸಂದುಗಳೂ ಕಿಂಡಿಗಳ ಅಂಚುಗಳೂ ಅದರಲ್ಲಿ ಹೂತುಹೋಗಿ, ಹುಡುಗನ ಆರು ತಿಂಗಳ ಕೆಲಸ ಜಾತ್ರೆಯ ಆಟಿಕೆಯಂತೆ ಕಾಣುತ್ತದೆ. ಬಣ್ಣ ತೆಳ್ಳಗಿರಬೇಕೆಂದು ನಾವು ಪದೇ ಪದೇ ಹೇಳುವುದು ಈ ಲೆಕ್ಕದಿಂದ.

ಈಗ ಮರದ ಮೈಯನ್ನು ಸಿದ್ಧಪಡಿಸುವ ವಿಷಯ. ಉಪ್ಪುಕಾಗದ, ಅಂದರೆ ಸ್ಯಾಂಡ್‌ಪೇಪರು, 120ನೆಯ ನಂಬರಿನಿಂದ ಪ್ರಾರಂಭಿಸಿ 220, ಆಮೇಲೆ 400ಕ್ಕೆ ಬರತಕ್ಕದ್ದು. ನಡುವಿನದನ್ನು ಬಿಟ್ಟು ಹಾರಿದರೆ ಒರಟು ಕಾಗದದ ಗೀರುಗಳು ಉಳಿದು, ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತವೆ. ಉಜ್ಜುವುದು ಯಾವಾಗಲೂ ಮರದ ಎಳೆಯ ಉದ್ದಕ್ಕೆ. ಚಪ್ಪಟೆ ಇರುವಲ್ಲಿ ಕಾಗದವನ್ನು ಮರದ ತುಂಡಿಗೆ ಸುತ್ತಿಕೊಳ್ಳಿರಿ. ಮುಂತುದಿಯ ಮತ್ತು ಹಿಂತುದಿಯ ಬಾಗುಗಳಲ್ಲಿ ಹಳೆಯ ರಬ್ಬರು ಚಪ್ಪಲಿಯ ತುಂಡಿಗೆ ಸುತ್ತಿದರೆ ಕಾಗದವು ಬಾಗಿಗೆ ಒಗ್ಗುತ್ತದೆ. ಒಂದು ಸಲ ನುಣುಪಾದ ಮೇಲೆ ಒದ್ದೆಬಟ್ಟೆಯಿಂದ ಮೈಯನ್ನು ತುಸುವೇ ತೇವ ಮಾಡಿ ಒಣಗಲು ಬಿಡಿ. ಅಡಗಿದ್ದ ಮರದ ಕೂದಲುಗಳೆಲ್ಲ ನಿಮಿರಿ ನಿಲ್ಲುತ್ತವೆ. ಅವನ್ನು 400ರ ಕಾಗದದಿಂದ ಮೆಲ್ಲನೆ ತೆಗೆಯಿರಿ. ಇದನ್ನು ಮಾಡದೆ ಬಣ್ಣ ಬಳಿದರೆ ಬಣ್ಣದ ತೇವಕ್ಕೆ ಅದೇ ಕೂದಲು ಎದ್ದು ಮೈಯೆಲ್ಲಾ ಮುಳ್ಳುಮುಳ್ಳಾಗುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು; ಮರದ ಪುಡಿ, ವಿಶೇಷವಾಗಿ ಸಾಗುವಾನಿಯದು, ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ.

ಧೂಳು ಒರೆಸುವ ಬಟ್ಟೆಯ ಬಗ್ಗೆ ಒಂದು ಮಾತು. ಹುಡುಗರು ಮನೆಯಿಂದ ಹೊಸ ಬಟ್ಟೆಯ ತುಂಡುಗಳನ್ನು ತರುತ್ತಾರೆ. ಗಿರಣಿಯಲ್ಲಿ ನೇಯುವ ಮೊದಲು ಹಾಸುನೂಲಿಗೆ ಗಂಜಿ ಕೊಡುತ್ತಾರೆಂಬುದು ಗಿರಣಿಯ ಲೆಕ್ಕ ಬರೆಯುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ತೊಳೆಯದ ಬಟ್ಟೆಯಲ್ಲಿ ಆ ಗಂಜಿ ಉಳಿದಿದ್ದರೆ ಮರಕ್ಕೆ ಹತ್ತುತ್ತದೆ, ಎಳೆಯೂ ಉದುರುತ್ತದೆ. ಹತ್ತಾರು ಸಲ ಒಗೆದು ಸವೆದ ಪಂಚೆಯ ತುಂಡಿಗಿಂತ ಉತ್ತಮವಾದ ವಸ್ತು ಈ ಕೆಲಸಕ್ಕೆ ಇಲ್ಲ.

ಸಂದುಗಳಲ್ಲಿ ಬಿರುಕಿದ್ದರೆ ಅಂಗಡಿಯ ಪುಟ್ಟಿಯನ್ನು ಮೆತ್ತಬೇಡಿರಿ. ಅದೇ ಮರದ ಉಜ್ಜಿದ ಪುಡಿಯನ್ನು ಅರಗಿನ ನೀರಿನಲ್ಲಿ ಕಲಸಿ ತುಂಬಿದರೆ ಒಣಗಿದ ಮೇಲೆ ಮರದೊಂದಿಗೆ ಒಂದಾಗುತ್ತದೆ. ಈ ಅರಗಿನ ನೀರೇ ಮುಂದೆ ಮರದ ರಂಧ್ರಗಳನ್ನು ಮುಚ್ಚುವ ಮೊದಲ ಲೇಪವೂ ಹೌದು. ಬಡಗಿಗಳು ಪಾಲಿಶಿಗೆ ಬಳಸುವ ಚಪ್ಪಟೆ ಅರಗು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. 100 ಮಿಲಿಲೀಟರು ಸ್ಪಿರಿಟ್ಟಿಗೆ 12 ಗ್ರಾಂ ಅರಗು ಹಾಕಿ ಗಾಜಿನ ಸೀಸೆಯಲ್ಲಿ ರಾತ್ರಿಯೆಲ್ಲ ಇಡಿರಿ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ಮರುದಿನ ಅಡಿಯಲ್ಲಿ ಮೇಣ ಕೂತಿರುತ್ತದೆ. ಅದನ್ನು ಕಲಕದೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಮೇಣ ಬೆರೆತರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ಈ ಸ್ಪಿರಿಟ್ಟು ವಿಷ, ಮತ್ತು ಬೆಂಕಿಗೆ ಹಾತೊರೆಯುವ ಪದಾರ್ಥ. ಚಾಳಿನ ಒಂದೇ ಕೋಣೆಯಲ್ಲಿ ಒಲೆಯೂ ಕೆಲಸವೂ ನಡೆಯುವ ಮನೆಗಳಲ್ಲಿ ಇದನ್ನು ತೆರೆಯಲೇಕೂಡದು. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದಿಗೂ ತುಂಬಿಡಬಾರದು. ವಾಚನಾಲಯದ ಹಿಂದಿನ ಕೋಣೆಗೆ ಬಂದು ಮಾಡಿರಿ, ಅಲ್ಲಿ ಕಿಟಕಿಗಳಿವೆ.

ಅರಗಿನ ಎರಡು ತೆಳು ಲೇಪ ಒಣಗಿದ ಮೇಲೆ ತೆಳುವಾದ ಬೂದುಬಣ್ಣವನ್ನು ಒಂದು ಸಲ ಹಚ್ಚತಕ್ಕದ್ದು. ಇದು ಅಲಂಕಾರಕ್ಕಲ್ಲ, ಪರೀಕ್ಷೆಗೆ. ದೀಪವನ್ನು ಒಡಲಿನ ಪಕ್ಕದಲ್ಲಿ, ಬೆಳಕು ಮೈಸವರಿಕೊಂಡು ಹೋಗುವಂತೆ ಹಿಡಿದರೆ ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂಬುದು ಕಾಣುತ್ತದೆ. ಕಂಡದ್ದನ್ನು ಈಗಲೇ ಸರಿಪಡಿಸಬೇಕು.

ಬಣ್ಣದ ಮೊದಲು ಗೆರೆ. ನಿಜವಾದ ಹಡಗಿನ ಮೇಲೆ ಬಣ್ಣದ ಪ್ರತಿಯೊಂದು ಗಡಿಗೂ ಒಂದು ಕಾರಣವಿತ್ತು. ನೀರಿನೊಳಗೆ ಮುಳುಗಿರುವ ಭಾಗವನ್ನು ಮರ ಕೊರೆಯುವ ಹುಳುವಿನಿಂದಲೂ, ಚಿಪ್ಪು ಪಾಚಿಗಳಿಂದಲೂ ಕಾಪಾಡಲು ತಾಮ್ರದ ತಗಡು ಹೊಡೆಯುತ್ತಿದ್ದರು. ಇಂಗ್ಲಿಷ್ ನೌಕಾಪಡೆಯು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ಮೇಲೆ ಇದನ್ನು ಮೊದಲು ಪರೀಕ್ಷಿಸಿತು. ತಾಮ್ರದ ಸಂಗದಲ್ಲಿ ಉಪ್ಪುನೀರು ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆಂಬುದು ಆಮೇಲೆ ತಿಳಿದು, ಒಡಲಿನ ಮೊಳೆಗಳನ್ನೂ ತಾಮ್ರಮಿಶ್ರ ಲೋಹಕ್ಕೆ ಬದಲಿಸಬೇಕಾಯಿತು. ತಾಮ್ರದ ಮೇಲೆ ಕಪ್ಪು ಮೈ. ಫಿರಂಗಿ ಕಿಂಡಿಗಳ ಸಾಲಿಗೆ ಹಳದಿ ಇಲ್ಲವೆ ಬಿಳಿಯ ಪಟ್ಟಿ. ಕಿಂಡಿಯ ಮುಚ್ಚಳಗಳು ಕಪ್ಪಾಗಿದ್ದುದರಿಂದ, ಮುಚ್ಚಿದಾಗ ಪಟ್ಟಿಯ ಮೇಲೆ ಚದುರಂಗದ ಮನೆಗಳು ಮೂಡುತ್ತಿದ್ದವು. ಹಾರ್ಟ್ಲ್‌ಪೂಲಿನಲ್ಲಿರುವ ನಮ್ಮ ಹಡಗಿಗೆ ಬಿಳಿಯ ಪಟ್ಟಿ.

ನೀರಿನ ಗೆರೆಯನ್ನು ಕಣ್ಣಳತೆಯಿಂದ ಎಳೆಯಲು ಹೋಗಬೇಡಿರಿ, ಎಷ್ಟೇ ಚಿತ್ರ ಬರೆಯುವ ಕೈಯಾದರೂ ಸರಿ. ಒಡಲನ್ನು ಸಮತಟ್ಟಾದ ಹಲಗೆಯ ಮೇಲೆ ಅಲುಗಾಡದಂತೆ ನಿಲ್ಲಿಸಿ, ಒಂದು ಮರದ ಕಟ್ಟಿಗೆ ಪೆನ್ಸಿಲನ್ನು ಬೇಕಾದ ಎತ್ತರದಲ್ಲಿ ಅಡ್ಡಲಾಗಿ ಬಿಗಿದು, ಕಟ್ಟನ್ನು ಹಲಗೆಯ ಮೇಲೆ ಜಾರಿಸುತ್ತಾ ಸುತ್ತಲೂ ಬರಬೇಕು. ಹಾಯಿಹಡಗುಗಳು ಸಾಮಾನ್ಯವಾಗಿ ಹಿಂದುಗಡೆ ಹೆಚ್ಚು ಆಳಕ್ಕೆ ಮುಳುಗುತ್ತಿದ್ದವು. ಆದುದರಿಂದ ನಕ್ಷೆಯಲ್ಲಿ ತೋರಿಸಿದ ವ್ಯತ್ಯಾಸದಷ್ಟು ಎತ್ತರದ ಚಕ್ಕೆಯನ್ನು ಮುಂತುದಿಯ ಅಡಿಗೆ ಕೊಟ್ಟು, ಮೂತಿಯನ್ನು ಎತ್ತಿಕೊಂಡ ನಂತರವೇ ಗೆರೆ ಎಳೆಯುವುದು. ಬಿಳಿಯ ಪಟ್ಟಿಯ ಗೆರೆ ಬೇರೆ ರೀತಿಯದು. ಅದು ನೀರಿಗೆ ಸಮಾನಾಂತರವಲ್ಲ. ಅಟ್ಟದ ಜೊತೆಗೆ ನಡುವೆ ಇಳಿದು ಎರಡು ತುದಿಗಳಲ್ಲಿ ಏರುತ್ತದೆ. ಕಿಂಡಿಗಳ ಸಾಲೇ ಅದಕ್ಕೆ ದಾರಿ. ಈ ಬಾಗು ನೇರವಾದರೆ ಹಡಗು ಪೆಟ್ಟಿಗೆಯಾಗುತ್ತದೆ.

ತಿಳಿಬಣ್ಣ ಮೊದಲು, ಕಪ್ಪು ಆಮೇಲೆ. ಪಟ್ಟಿ ಬರುವಲ್ಲಿ ಗೆರೆಗಿಂತ ಸ್ವಲ್ಪ ಅಗಲವಾಗಿಯೇ ಬಿಳಿ ಬಳಿದು, ಚೆನ್ನಾಗಿ ಒಣಗಿಸಿ, ಪಟ್ಟಿಯನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಅಂಗಡಿಯಿಂದ ತಂದ ಟೇಪಿನ ಅಂಚು ಜಜ್ಜಿಹೋಗಿರುತ್ತದೆ. ಅದನ್ನು ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಸಣ್ಣ ಎಳೆಗಳಾಗಿ ಕೊಯ್ದುಕೊಂಡರೆ ಅಂಚೂ ಚೊಕ್ಕಟ, ಬಾಗಿನ ಜೊತೆಗೆ ಬಾಗುವುದೂ ಸುಲಭ. ಇನ್ನು ನಿಜವಾದ ಗುಟ್ಟು: ಟೇಪಿನ ಅಂಚಿನ ಮೇಲೆ ಮೊದಲು ಅದೇ ಬಿಳಿಯನ್ನೇ ಒಂದು ಸಲ ಎಳೆಯಿರಿ. ಅಂಚಿನ ಕೆಳಗೆ ಏನಾದರೂ ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದನ್ನು ಮುಚ್ಚುತ್ತದೆ. ಆಮೇಲೆ ಬಳಿದ ಕಪ್ಪಿಗೆ ಒಳಹೋಗಲು ದಾರಿ ಉಳಿಯುವುದಿಲ್ಲ. ಕಪ್ಪು ಗಟ್ಟಿಯಾಗುವ ಮೊದಲೇ ಟೇಪನ್ನು ಅದರ ಮೇಲೆಯೇ ಮಡಚಿಕೊಂಡಂತೆ ಹಿಂದಕ್ಕೆ ನಿಧಾನವಾಗಿ ಎಳೆಯತಕ್ಕದ್ದು.

ಬಣ್ಣವು ಹಾಲಿನಷ್ಟು ತೆಳುವಾಗಿರಲಿ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವು ವರ್ಗದ ಕೆಲಸಕ್ಕೆ ಅನುಕೂಲ. ಬೇಗ ಒಣಗುತ್ತದೆ, ಕುಂಚವೂ ನೀರಿನಲ್ಲಿ ತೊಳೆದರೆ ಸಾಕು. ಎಣ್ಣೆಯ ಎನಾಮಲ್ಲಿಗೆ ಒಂದೊಂದು ಲೇಪಕ್ಕೂ ಒಂದೊಂದು ದಿನ ಕಾಯಬೇಕು. ಅರ್ಧ ಇಂಚಿನ ಮೆತ್ತನೆಯ ಚಪ್ಪಟೆ ಕುಂಚದಿಂದ ಮುಂತುದಿಯಿಂದ ಹಿಂತುದಿಯ ಕಡೆಗೆ ಎಳೆದು ಮುಂದೆ ಸಾಗಿರಿ. ಅರೆ ಒಣಗಿದಲ್ಲಿಗೆ ಕುಂಚವನ್ನು ಮತ್ತೆ ಒಯ್ಯಕೂಡದು. ಮೊದಲ ಲೇಪದಲ್ಲಿ ಮರ ಇಣುಕುತ್ತದೆ, ಇಣುಕಲಿ. ಮೂರನೆಯದಕ್ಕೆ ಎಲ್ಲ ಮುಚ್ಚುತ್ತದೆ. ಡಬ್ಬಿಯ ಅಪ್ಪಟ ಕಪ್ಪನ್ನೇ ಬಳಿಯಬೇಡಿರಿ. ದೂರದಿಂದ ಕಂಡ ಹಡಗಿನ ಕಪ್ಪು ಗಾಳಿಯಲ್ಲಿ ತುಸು ಮಾಸಿರುತ್ತದೆ. ಮಾದರಿಯನ್ನು ನೋಡುವವನೂ ಅಷ್ಟು ದೂರದಲ್ಲಿ ನಿಂತಂತೆಯೇ. ಕಪ್ಪಿಗೆ ಒಂದೆರಡು ಹನಿ ಕಂದು ಮತ್ತು ಬಿಳಿ, ಬಿಳಿಗೆ ಚೂರು ಹಳದಿಮಣ್ಣಿನ ಬಣ್ಣ ಬೆರೆಸಿದರೆ ಕಣ್ಣು ಒಪ್ಪುತ್ತದೆ. ಬಣ್ಣದ ವಿಷಯದಲ್ಲಿ ನಂಬಿಕೆಗಿಂತ ಪರೀಕ್ಷೆ ಮೇಲೆಂಬುದಕ್ಕೆ ನೆಲ್ಸನ್ನನ ‘ವಿಕ್ಟರಿ’ ಹಡಗನ್ನೇ ನೋಡಬಹುದು. ಪೋರ್ಟ್ಸ್‌ಮತ್ತಿನಲ್ಲಿ ಅದಕ್ಕೆ ಬಹುಕಾಲ ಗಾಢ ಹಳದಿಯ ಪಟ್ಟಿಗಳಿದ್ದವು. ಹಳೆಯ ಲೇಪಗಳನ್ನು ಪದರ ಪದರವಾಗಿ ಪರೀಕ್ಷಿಸಿದಾಗ 1805ರ ಟ್ರಫಾಲ್ಗರ್ ಕಾಳಗದ ಕಾಲದ ಬಣ್ಣ ಅದಕ್ಕಿಂತ ಬಹಳ ತಿಳಿಯದೆಂದು ತಿಳಿದು, 2015ರಲ್ಲಿ ಹಡಗಿಗೆ ಮತ್ತೆ ಬಣ್ಣ ಬಳಿದರು.

ತಾಮ್ರದ ಭಾಗದಲ್ಲಿ ನಮ್ಮ ವರ್ಗದಲ್ಲಿಯೇ ಎರಡು ಪಕ್ಷಗಳಿವೆ. ನಿಜವಾದ ತಗಡು 4 ಅಡಿ ಉದ್ದ, 14 ಇಂಚು ಅಗಲ. ನಮ್ಮ ಅಳತೆಗೆ ಅರ್ಧ ಇಂಚು ಉದ್ದ, ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲ. ತಾಮ್ರದ ಅಂಟುಪಟ್ಟಿಯನ್ನು ಹೀಗೆ ಕತ್ತರಿಸಿ ಅಂಟಿಸಬೇಕೆಂದು ಒಂದು ಪಕ್ಷ. ಅಂಟಿಸುವವರು ಹಿಂತುದಿಯಿಂದ ಪ್ರಾರಂಭಿಸಿ ಮುಂದಕ್ಕೆ ಬರಬೇಕು. ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಕೂತರೆ ಓಡುವ ನೀರು ಅದನ್ನು ಎಬ್ಬಿಸಲಾರದು. ಮಾಡಿನ ಹೆಂಚಿನ ನ್ಯಾಯವೇ ಇದು. ನಮ್ಮ ಮತವಾದರೋ ಬಣ್ಣದ ಕಡೆಗೆ. ಒಂದು ಮಿಲಿಮೀಟರು ಚಿಲ್ಲರೆ ದಪ್ಪದ ತಗಡನ್ನು 96ರಿಂದ ಭಾಗಿಸಿದರೆ ಉಳಿಯುವ ದಪ್ಪಕ್ಕೆ ಯಾವ ಅಂಟುಪಟ್ಟಿಯೂ ಸಮವಲ್ಲ, ಮೊಳೆಯ ತಲೆಗಳಂತೂ ಕಾಣುವಂತೆಯೇ ಇಲ್ಲ. ತಾಮ್ರದ ಬಣ್ಣಕ್ಕೆ ಕಂದು ಬೆರೆಸಿ ಮಂಕಾಗಿಸಿ ಬಳಿದು, ತಗಡಿನ ಸಾಲುಗಳನ್ನು ಚೂಪು ಪೆನ್ಸಿಲಿನಿಂದ ಹಗುರವಾಗಿ ಗೀಚಿದರೆ ಸಾಕು. ಸಮುದ್ರ ಕಂಡ ತಾಮ್ರ ಹೊಸ ಬಿಂದಿಗೆಯಂತೆ ಹೊಳೆಯುವುದಿಲ್ಲ.

ಕರಾವಳಿಯ ಕಡೆಯ ಹಿರಿಯರೊಬ್ಬರು, ಇಂಗ್ಲಿಷರ ಯುದ್ಧದ ಹಡಗೇ ಏಕೆ, ನಮ್ಮ ಮಂಜಿ ಆಗದೆ? ಎಂದು ಕೇಳಿದರು. ಅವಶ್ಯವಾಗಿ ಆಗುತ್ತದೆ. ಮಂಗಳೂರಿನ ಹೆಂಚು ಹೊತ್ತು ಈ ಬಂದರಿಗೆ ಬರುತ್ತಿದ್ದ ಮಂಜಿಗಳಿಗೆ ತಾಮ್ರವಿರಲಿಲ್ಲ. ಅಡಿಗೆ ಸುಣ್ಣವನ್ನು ಕೊಬ್ಬು ಅಥವಾ ಎಣ್ಣೆಯೊಂದಿಗೆ ಅರೆದು ಮೆತ್ತುತ್ತಿದ್ದರು. ಹುಳು ತಡೆಯುವ ಕೆಲಸ ಅದರದ್ದು. ಮೇಲ್ಮೈಗೆ ಮೀನೆಣ್ಣೆ. ಮಂಜಿ ಮಾಡುವ ಹುಡುಗನು ಆದ್ದರಿಂದ ಮೇಲ್ಭಾಗಕ್ಕೆ ಬಣ್ಣ ಬಳಿಯದೆ ಮರಕ್ಕೆ ಅಗಸೆ ಎಣ್ಣೆಯನ್ನು ತೀಡಿ ಬಿಡಬೇಕು, ಕೆಳಗೆ ಹೊಳಪಿಲ್ಲದ ಮಾಸಲು ಬಿಳಿ. ಎಣ್ಣೆ ತೀಡಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯದೆ ಬಿಡಿಸಿ ಒಣಹಾಕಿರಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಮಂಜಿಯ ತಳವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅದರ ಒಂದು ಮಾದರಿ ಆಗುವುದು ಒಳ್ಳೆಯದು. ನಕ್ಷೆ ಸಿಗದ ಕಡೆ ಅವರ ಮಾತೇ ನಕ್ಷೆ.

ಕೊನೆಯ ಲೇಪ ಹೊಳಪಿಲ್ಲದ ವಾರ್ನಿಶಿನದು, ಒಂದೇ ಸಲ. ಮಳೆಗಾಲದಲ್ಲಿ ಅರಗಿನ ಕೆಲಸವನ್ನೂ ವಾರ್ನಿಶಿನ ಕೆಲಸವನ್ನೂ ಹಿಡಿಯಬೇಡಿರಿ. ಮುಂಬಯಿಯ ತೇವಕ್ಕೆ ಅರಗು ಹಾಲಿನಂತೆ ಬೆಳ್ಳಗೆ ಮಸಕಾಗುತ್ತದೆ. ಜೂನಿನಿಂದ ಸಪ್ಟೆಂಬರಿನವರೆಗೆ ಹಾಯಿ ಮತ್ತು ಹಗ್ಗದ ಕೆಲಸ ಮಾಡಿಕೊಳ್ಳಬಹುದು. ಅದರ ಪಾಠ ಮುಂದಿನ ಸಂಚಿಕೆಯಲ್ಲಿ. ಒಡಲು ಒಣಗುತ್ತಿರುವಾಗ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಕವುಚಿಡುವುದು. ಭಾನುವಾರ ಬರುವವರು ತಮ್ಮ ತಮ್ಮ ಕುಂಚ, ಹಳೆಯ ಪಂಚೆಯ ತುಂಡು ಮತ್ತು ಒಂದು ಹೊಸ ಬ್ಲೇಡು ತರತಕ್ಕದ್ದು; ಅರಗು ವಾಚನಾಲಯದಲ್ಲಿದೆ.